ವ್ಯಾಪಾರಕ್ಕಾಗಿ ಪರದೇಶ ಯಾತ್ರೆ: ವೀಸಾ ಅರ್ಜಿಯ ಪೂರ್ವಸಿದ್ಧತೆ

ಜರ್ಮನಿ ದೇಶದ ಡ್ಯುಸೆಲ್‌ಡಾರ್ಫ್ ಪಟ್ಟಣದಲ್ಲಿ ನಾಲ್ಕು ವರ್ಷಗಳಿಗೊಮ್ಮೆ ಎರಕದ ಉದ್ಯಮದ ಮಹಾಮೇಳವೊಂದು ನೆರೆಯುತ್ತದೆ. ಗೀಫಾ ಎಂದು ಅದರ ಹೆಸರು. ೨೦೨೩ರಲ್ಲಿ ಅದು ನೆರೆದಿತ್ತು. ತರುವಾಯದ ಸರದಿ ೨೦೨೭ನೆಯ ಇಸವಿಯದು. ಎರಕದ ಕಾರ್ಖಾನೆಗಳಿಗೆ ಹೆಸರಾದ ಬೆಳಗಾವಿಯಲ್ಲಿ ಈ ಮೇಳದ ಮಾತು ಹೊಸದಲ್ಲ. ಕುಲುಮೆ, ಮರಳಿನ ಅಚ್ಚು, ಪರೀಕ್ಷೆಯ ಯಂತ್ರ ಮುಂತಾದವುಗಳಲ್ಲಿ ಲೋಕದಲ್ಲಿ ಏನೇನು ಹೊಸತು ಬಂದಿದೆಯೆಂಬುದನ್ನು ಒಂದೇ ಅಂಗಳದಲ್ಲಿ ಕಣ್ಣಾರೆ ಕಾಣುವ, ಕೊಳ್ಳುವವನನ್ನೂ ಮಾರುವವನನ್ನೂ ಮುಖಾಮುಖಿಯಾಗಿ ಸಂಧಿಸುವ ಅವಕಾಶವು ಅಲ್ಲಿ ದೊರೆಯುತ್ತದೆ. ಪೀಣ್ಯದ ಯಂತ್ರೋಪಕರಣದವರು ಹ್ಯಾನೋವರ್ ಪಟ್ಟಣದ ಮೇಳಗಳಿಗೆ, ಚನ್ನಪಟ್ಟಣದ ಬೊಂಬೆಯ ವ್ಯಾಪಾರಿಗಳು ನ್ಯೂರೆಂಬರ್ಗಿನ ಆಟಿಕೆಗಳ ಮೇಳಕ್ಕೆ ಹೋಗಬಯಸಿದರೂ ಕಾರಣವು ಇದೇ.

ಆದರೆ ಮನಸ್ಸಿದ್ದರೆ ಸಾಲದು, ಹಣವಿದ್ದರೂ ಸಾಲದು. ಬೆಳಗಾವಿಗೂ ಡ್ಯುಸೆಲ್‌ಡಾರ್ಫಿಗೂ ನಡುವೆ ಪಾಸ್‌ಪೋರ್ಟಿನ ಪುಟಕ್ಕೆ ಅಂಟಿಸುವ ಚಿಕ್ಕದೊಂದು ಚೀಟಿಯುಂಟು. ಷೆಂಗೆನ್ ಒಕ್ಕೂಟವೆಂದು ಕರೆಯಲ್ಪಡುವ ಯೂರೋಪಿನ ರಾಷ್ಟ್ರಗಳ ಅಲ್ಪಾವಧಿ ವೀಸಾಗಳನ್ನು ಬೇಡಿ ೨೦೨೪ನೆಯ ಇಸವಿಯಲ್ಲಿ ಭಾರತದಿಂದ ಸಲ್ಲಿಸಲಾದ ಅರ್ಜಿಗಳು ೧೧ ಲಕ್ಷಕ್ಕೂ ಮೇಲ್ಪಟ್ಟಿದ್ದವು. ಅವುಗಳಲ್ಲಿ ಸುಮಾರು ೧ ಲಕ್ಷ ೬೫ ಸಾವಿರ ಅರ್ಜಿಗಳು ನಿರಾಕೃತವಾದವು; ಎಂದರೆ ನೂರಕ್ಕೆ ೧೫. ಅರ್ಜಿಯ ಶುಲ್ಕವು ಆ ವರ್ಷದ ಜೂನ್ ೧೧ಕ್ಕೆ ಮೊದಲು ೮೦ ಯೂರೋ ಇದ್ದುದು ಅಂದಿನಿಂದ ೯೦ ಯೂರೋ ಆಯಿತು. ವೀಸಾ ದೊರೆಯದಿದ್ದರೆ ಶುಲ್ಕವು ಹಿಂದಕ್ಕೆ ಬರುವುದಿಲ್ಲ. ಗುಣಾಕಾರವನ್ನು ಓದುಗರೇ ಮಾಡಿಕೊಳ್ಳಬಹುದು. ಹೀಗೆ ತಿರಸ್ಕೃತರಾದವರೆಲ್ಲರೂ ಅಯೋಗ್ಯರೆಂದು ನಾವು ನಂಬುವುದಿಲ್ಲ. ಯೋಗ್ಯನಾದವನು ತನ್ನ ಯೋಗ್ಯತೆಯನ್ನು ಕಾಗದದ ಮೇಲೆ ತೋರಿಸಲಾರದೆ ಸೋಲುವುದು ನಮ್ಮಲ್ಲಿ ತೀರ ಸಾಮಾನ್ಯವೆಂದು ನಮ್ಮ ಅಭಿಪ್ರಾಯ. ಆದುದರಿಂದ, ಜರ್ಮನಿಗೆ ಹೋಗಬೇಕಾದ ನಮ್ಮ ಕಡೆಯ ಒಬ್ಬ ಸಾಧಾರಣ ಕಾರ್ಖಾನೆದಾರನನ್ನು ಕಣ್ಣಮುಂದಿಟ್ಟುಕೊಂಡು, ಅವನು ಹೇಗೆ ಸಿದ್ಧನಾಗತಕ್ಕದ್ದೆಂಬುದನ್ನು ಇಲ್ಲಿ ವಿವರಿಸಲು ಉದ್ಯುಕ್ತರಾಗಿದ್ದೇವೆ.

ಪರದೇಶಕ್ಕೆ ಕಾಲಿಡುವವನು ಮುಂಚಿತವಾಗಿ ಅಪ್ಪಣೆ ಪಡೆಯಬೇಕೆಂಬ ಇಂದಿನ ಕಟ್ಟುಪಾಡು ಬಹಳ ಹಳೆಯದೇನೂ ಅಲ್ಲ. ೧೮೯೮ರಲ್ಲಿ ಶ್ರೀ ವಿಶ್ವೇಶ್ವರಯ್ಯನವರು ಜಪಾನನ್ನು ನೋಡಿ ಬರಲು ಹಡಗು ಹತ್ತಿದ ಕಾಲಕ್ಕೆ ಈ ಬಗೆಯ ವೀಸಾ ವ್ಯವಸ್ಥೆಯು ಲೋಕದಲ್ಲಿ ಬೇರೂರಿರಲಿಲ್ಲ. ೧೯೧೪ರ ಮಹಾಯುದ್ಧವು ಬಂದಿತು. ಗೂಢಚಾರರ ಭಯದಿಂದ ಒಂದೊಂದು ರಾಷ್ಟ್ರವೂ ತನ್ನ ಗಡಿಯಲ್ಲಿ ಕಾವಲು ಬಿಗಿಮಾಡಿತು. ಯುದ್ಧವು ಮುಗಿದರೂ ಕಾವಲು ಸಡಿಲಲಿಲ್ಲ. ೧೯೨೦ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸಿನಲ್ಲಿ ನೆರೆದ ಸಮ್ಮೇಲನವು ಪಾಸ್‌ಪೋರ್ಟಿಗೆ ಒಂದು ಏಕರೂಪವನ್ನು ಸೂಚಿಸಿತು. ಭಾರತವನ್ನು ಪ್ರವೇಶಿಸುವವರಿಂದ ಪಾಸ್‌ಪೋರ್ಟನ್ನು ಕೇಳುವ ಅಧಿಕಾರವನ್ನು ಸರಕಾರಕ್ಕಿತ್ತ ಕಾಯಿದೆಯೂ ಅದೇ ವರ್ಷ ಹುಟ್ಟಿತು.

ಪಾಸ್‌ಪೋರ್ಟಿಗೂ ವೀಸಾಕ್ಕೂ ಇರುವ ಭೇದವನ್ನು ಇಲ್ಲಿ ಸ್ಪಷ್ಟಪಡಿಸುವುದು ಅವಶ್ಯ. ಮೋಟಾರು ಬಿಡಿಭಾಗಗಳ ಆಮದು ರಫ್ತು ವ್ಯಾಪಾರಿಯಾಗಿದ್ದ ಸತ್ವಂತ ಸಿಂಗ್ ಸಾಹ್ನಿ ಎಂಬವರಿಗೆ, ಪಾಸ್‌ಪೋರ್ಟನ್ನು ಒಪ್ಪಿಸಿಬಿಡಬೇಕೆಂದು ಸರಕಾರವು ಆಜ್ಞೆ ಮಾಡಿದಾಗ ಅವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ೧೯೬೭ರ ಏಪ್ರಿಲ್ ತಿಂಗಳಲ್ಲಿ, ಮುಖ್ಯ ನ್ಯಾಯಾಧೀಶರಾಗಿದ್ದ ಸುಬ್ಬರಾಯರನ್ನೊಳಗೊಂಡ ಬಹುಮತದ ಪೀಠವು, ಪರದೇಶಕ್ಕೆ ಹೋಗುವ ಹಕ್ಕು ಸಂವಿಧಾನದ ೨೧ನೆಯ ಅನುಚ್ಛೇದದಲ್ಲಿ ಹೇಳಿದ ವ್ಯಕ್ತಿಸ್ವಾತಂತ್ರ್ಯದಲ್ಲಿ ಅಡಕವಾಗಿದೆಯೆಂದೂ, ಕಾನೂನಿನ ಆಧಾರವಿಲ್ಲದೆ ಸರಕಾರವು ಅದನ್ನು ಕಸಿಯಕೂಡದೆಂದೂ ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟಿನ ಕಾಯಿದೆಯೂ ಬಂದಿತು. ಹೀಗೆ ಪಾಸ್‌ಪೋರ್ಟು ನಮ್ಮ ಸರಕಾರದಿಂದ ನಮಗೆ ಬರತಕ್ಕ ಬಾಧ್ಯತೆ. ವೀಸಾ ಎಂಬುದು ಮತ್ತೊಬ್ಬರ ಮನೆಯ ಬಾಗಿಲು. ಅಲ್ಲಿ ನಮ್ಮ ಸಂವಿಧಾನದ ಮಾತು ನಡೆಯದು. ಅವರ ಕಾನೂನು ಹೇಳಿದ ಷರತ್ತುಗಳನ್ನು ನಾವು ಪೂರೈಸಿದ್ದೇವೆಂದು ತೋರಿಸಿಕೊಡುವ ಹೊಣೆ ಪೂರ್ತಿಯಾಗಿ ನಮ್ಮ ಮೇಲೆ ಬೀಳುತ್ತದೆ. ‘ನಾನು ಊರಿಗೆ ಗೊತ್ತಿರುವ ಮನುಷ್ಯ, ನನ್ನನ್ನು ಏನು ಕೇಳುವುದು’ ಎಂಬ ಠೀವಿಯಿಂದ ಅರ್ಜಿಯನ್ನು ಅರ್ಧಕ್ಕೆ ತುಂಬಿ ಕಳಿಸುವ ನಮ್ಮ ಸಾಹುಕಾರರು ಈ ಭೇದವನ್ನು ಗಮನಿಸಿದಂತೆ ತೋರುವುದಿಲ್ಲ.

ಲಕ್ಸೆಂಬರ್ಗ್ ದೇಶದ ಷೆಂಗೆನ್ ಎಂಬ ಸಣ್ಣ ಗ್ರಾಮದಲ್ಲಿ ೧೯೮೫ರ ಜೂನ್ ೧೪ರಂದು ಆದ ಒಪ್ಪಂದವೇ ಈ ವೀಸಾದ ಮೂಲ. ಅಂದು ಸಹಿಮಾಡಿದವು ಐದು ರಾಷ್ಟ್ರಗಳು. ೨೦೨೫ರ ಜನವರಿ ೧ರಂದು ಬಲ್ಗೇರಿಯ, ರುಮಾನಿಯಗಳು ಪೂರ್ಣವಾಗಿ ಸೇರಿಕೊಂಡಾಗ ಅವು ೨೯ ಆದವು. ಬ್ರಿಟನ್ನು ಇದರಲ್ಲಿಲ್ಲ. ಒಂದು ರಾಷ್ಟ್ರವು ಕೊಟ್ಟ ವೀಸಾ ಸಾಮಾನ್ಯವಾಗಿ ಎಲ್ಲ ರಾಷ್ಟ್ರಗಳಲ್ಲಿಯೂ ನಡೆಯುತ್ತದೆ. ಯಾವುದೇ ೧೮೦ ದಿನಗಳ ಒಳಗೆ ಒಟ್ಟು ೯೦ ದಿನಗಳಿಗಿಂತ ಹೆಚ್ಚಾಗಿ ಅಲ್ಲಿ ಇರಕೂಡದು. ಒಳಹೊಕ್ಕ ದಿನವೂ ಹೊರಬಿದ್ದ ದಿನವೂ ಈ ಲೆಕ್ಕಕ್ಕೆ ಸೇರುತ್ತವೆ.

ಅರ್ಜಿಯನ್ನು ಯಾವ ರಾಷ್ಟ್ರಕ್ಕೆ ಸಲ್ಲಿಸಬೇಕೆಂಬಲ್ಲಿಯೇ ಹಲವರು ಎಡವುತ್ತಾರೆ. ಪ್ರಯಾಣದ ಮುಖ್ಯ ಉದ್ದೇಶವು ಎಲ್ಲಿ ನೆರವೇರುವುದೋ, ಅಥವಾ ಹೆಚ್ಚು ದಿನ ಎಲ್ಲಿ ಕಳೆಯುವುದೋ ಆ ರಾಷ್ಟ್ರಕ್ಕೇ ಅರ್ಜಿ ಸಲ್ಲತಕ್ಕದ್ದು. ಇದು ನಿರ್ಧಾರವಾಗದಿದ್ದಾಗ ಮಾತ್ರ ಮೊದಲು ಕಾಲಿಡುವ ರಾಷ್ಟ್ರಕ್ಕೆ. ವಿಮಾನವು ಪ್ಯಾರಿಸಿನಲ್ಲಿ ಇಳಿದರೂ ಮೇಳವು ಡ್ಯುಸೆಲ್‌ಡಾರ್ಫಿನಲ್ಲಿರುವಾಗ ಅರ್ಜಿಯು ಜರ್ಮನಿಗೇ ಹೋಗಬೇಕು. ‘ಆ ದೇಶದವರು ಸುಲಭವಾಗಿ ಕೊಡುತ್ತಾರಂತೆ’ ಎಂಬ ಪೇಟೆಯ ಮಾತನ್ನು ನಂಬಿ, ಹೋಗಲಾರದ ದೇಶಕ್ಕೆ ಅರ್ಜಿ ಹಾಕಿ, ಅಲ್ಲಿನ ಹೋಟೆಲಿನ ಚೀಟಿಯನ್ನು ಲಗತ್ತಿಸುವ ಜಾಣತನವು ಮೊದಲ ಹೆಜ್ಜೆಯಲ್ಲಿಯೇ ಸುಳ್ಳನ್ನು ಹೇಳಿದಂತೆ.

ಈಗ ಅಧಿಕಾರಿಯ ಕಡೆಯಿಂದ ಸ್ವಲ್ಪ ಯೋಚಿಸೋಣ. ಅವನು ಅರ್ಜಿದಾರನ ಮುಖವನ್ನು ಕಂಡವನಲ್ಲ. ಬೆಳಗಾವಿಯ ಉದ್ಯಮಬಾಗನ್ನು ಕಂಡವನೂ ಅಲ್ಲ. ಅವನ ಮೇಜಿನ ಮೇಲೆ ಇರುವುದು ಒಂದು ಕಾಗದದ ಕಟ್ಟು. ಅದರಿಂದ ಅವನು ಮುಖ್ಯವಾಗಿ ಮೂರು ಸಂಗತಿಗಳನ್ನು ತಿಳಿಯಬೇಕಾಗಿದೆ: ಇವನು ಏತಕ್ಕೆ ಬರುತ್ತಾನೆ, ಇವನ ಖರ್ಚನ್ನು ಯಾರು ಹೊರುತ್ತಾರೆ, ಇವನು ಹಿಂತಿರುಗಿ ಹೋಗುವನೆಂಬುದಕ್ಕೆ ಏನು ಆಧಾರ. ಬೇಕೆನಿಸಿದರೆ ಅವನು ಅರ್ಜಿದಾರನನ್ನು ಕರೆಸಿ ಪ್ರಶ್ನೆ ಕೇಳಬಹುದು, ಕರೆಸದೆಯೂ ತೀರ್ಮಾನಿಸಬಹುದು. ಆದುದರಿಂದ ಕಟ್ಟಿನಲ್ಲಿರುವ ಒಂದೊಂದು ಕಾಗದವೂ ಈ ಮೂರರಲ್ಲಿ ಒಂದಕ್ಕಾದರೂ ಉತ್ತರವಾಗಿರಬೇಕು. ಸನ್ಮಾನದ ಛಾಯಾಚಿತ್ರಗಳು, ಶಾಸಕರ ಶಿಫಾರಸು ಪತ್ರ, ಮದುವೆಯ ಆಮಂತ್ರಣ ಇವುಗಳಿಂದ ಕಟ್ಟು ದಪ್ಪವಾದೀತೇ ಹೊರತು ಬಲವಾಗದು.

ಏತಕ್ಕೆ ಬರುತ್ತಾನೆ ಎಂಬ ಪ್ರಶ್ನೆಗೆ ಮೊದಲ ಉತ್ತರವು ಆಮಂತ್ರಣ ಪತ್ರ. ಯೂರೋಪಿನ ವೀಸಾ ಸಂಹಿತೆಯು ೨೦೦೯ರದು. ವ್ಯಾಪಾರ ಯಾತ್ರೆಗೆ ಎಂತಹ ಆಧಾರಗಳನ್ನು ತೋರಿಸಬಹುದೆಂಬುದನ್ನು ಅದು ತನ್ನ ಅನುಬಂಧದಲ್ಲಿ ಎಣಿಸಿ ಹೇಳಿದೆ. ಅಲ್ಲಿನ ಸಂಸ್ಥೆಯ ಆಮಂತ್ರಣ, ಎರಡು ಸಂಸ್ಥೆಗಳ ನಡುವೆ ವ್ಯಾಪಾರ ಸಂಬಂಧವಿದೆಯೆಂಬುದನ್ನು ತೋರಿಸುವ ಇತರ ಕಾಗದಗಳು, ಮೇಳವಾದರೆ ಪ್ರವೇಶದ ಚೀಟಿ, ಇಲ್ಲಿನ ಸಂಸ್ಥೆಯ ವ್ಯವಹಾರದ ದಾಖಲೆ, ಅದರಲ್ಲಿ ಅರ್ಜಿದಾರನ ಸ್ಥಾನ. ಆಮಂತ್ರಣವು ಜರ್ಮನ್ ಸಂಸ್ಥೆಯ ತಲೆಬರಹವುಳ್ಳ ಕಾಗದದ ಮೇಲೆ, ಸಹಿ ಮಾಡಿದವರ ಹೆಸರು ಹುದ್ದೆಗಳೊಡನೆ ಬರಬೇಕು. ಯಾರು, ಪಾಸ್‌ಪೋರ್ಟಿನ ಸಂಖ್ಯೆ ಯಾವುದು, ಯಾವ ದಿನದಿಂದ ಯಾವ ದಿನದ ವರೆಗೆ, ಯಾವ ಯಂತ್ರದ ಅಥವಾ ಯಾವ ಕರಾರಿನ ವಿಷಯ, ಖರ್ಚು ಯಾರದು, ಇವಿಷ್ಟೂ ಅದರಲ್ಲಿರಲಿ. ‘ನಮ್ಮ ಮಿತ್ರರು ಬರುತ್ತಿದ್ದಾರೆ, ಅನುಕೂಲ ಮಾಡಿಕೊಡಿ’ ಎಂಬ ಎರಡು ಸಾಲಿನ ಸೌಜನ್ಯದ ಪತ್ರದಿಂದ ಏನೂ ಆಗದು. ಜರ್ಮನರು ಇಂತಹ ಪತ್ರವನ್ನು ಬರೆಯಲು ಹಿಂಜರಿಯುವವರಲ್ಲ. ಏನೇನು ಬೇಕೆಂದು ನಾವು ಮುಂಚಿತವಾಗಿ ಬರೆದು ಕೇಳಬೇಕು, ಅಷ್ಟೆ. ಹಿಂದಿನ ವರ್ಷಗಳ ಬೆಲೆಪಟ್ಟಿ, ಬೇಡಿಕೆಯ ಪತ್ರ, ಬಿಲ್ಲು, ಸರಕು ಕಳಿಸಿದ ರಸೀದಿ ಇವು ಇದ್ದರೆ ಆಮಂತ್ರಣಕ್ಕಿಂತಲೂ ಹೆಚ್ಚು ಮಾತನಾಡುತ್ತವೆ.

ವ್ಯಾಪಾರದ ವೀಸಾ ಎಂದರೆ ದುಡಿಮೆಯ ವೀಸಾ ಅಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಸಭೆ ನಡೆಸಬಹುದು, ಬೆಲೆ ಮಾತಾಡಬಹುದು, ಕರಾರಿಗೆ ಸಹಿ ಹಾಕಬಹುದು, ಯಂತ್ರವನ್ನು ಪರೀಕ್ಷಿಸಿ ಕೊಳ್ಳಬಹುದು. ಅಲ್ಲಿನ ಕಾರ್ಖಾನೆಯಲ್ಲಿ ನಿಂತು ಕೂಲಿಗೆ ಕೆಲಸ ಮಾಡುವುದು ಬೇರೆ. ನಾವು ಮಾರಿದ ಯಂತ್ರವನ್ನು ಅಲ್ಲಿ ಕೂಡಿಸಿಕೊಡಲು ಫಿಟ್ಟರನನ್ನು ಕಳಿಸುವುದು ಇವೆರಡರ ನಡುವಣ ವಿಷಯ. ಅದಕ್ಕೆ ಬೇರೆ ನಿಯಮಗಳಿರುವುದರಿಂದ ಕಾನ್ಸುಲೇಟಿಗೆ ಮೊದಲೇ ಬರೆದು ಕೇಳುವುದು ಲೇಸು.

ಖರ್ಚಿನ ವಿಷಯಕ್ಕೆ ಬಂದರೆ, ನಮ್ಮ ವ್ಯಾಪಾರಗಳು ನಡೆಯುವ ರೀತಿಯೇ ತೊಡಕಾಗುವುದುಂಟು. ಎಷ್ಟೋ ಕಾರ್ಖಾನೆಗಳು ಅವಿಭಕ್ತ ಕುಟುಂಬದವು. ಜಿಎಸ್‌ಟಿ ನೋಂದಣಿ ತಂದೆಯ ಹೆಸರಿನಲ್ಲಿ, ಬ್ಯಾಂಕಿನ ಖಾತೆ ಅಣ್ಣನ ಹೆಸರಿನಲ್ಲಿ, ಗಿರಾಕಿಗಳೊಡನೆ ಪತ್ರವ್ಯವಹಾರ ನಡೆಸುವವನು ತಮ್ಮ. ಮೇಳಕ್ಕೆ ಹೋಗಬೇಕಾದವನೂ ಅವನೇ. ಅವನ ಸ್ವಂತ ಖಾತೆಯ ಉತಾರವನ್ನು ತೆಗೆಸಿದರೆ ತಿಂಗಳಿಗೆ ಮನೆಖರ್ಚಿನಷ್ಟು ಹಣ ಬಂದುಹೋದದ್ದು ಬಿಟ್ಟು ಬೇರೇನೂ ಕಾಣದು. ಮನೆಯವರಿಗೆ ಇದರಲ್ಲಿ ವಿಶೇಷವಿಲ್ಲ. ಅಧಿಕಾರಿಗೆ ಮಾತ್ರ, ಕೋಟಿ ರೂಪಾಯಿಯ ಯಂತ್ರವನ್ನು ನೋಡಲು ಹೊರಟವನ ಬಳಿ ವಿಮಾನದ ಟಿಕೇಟಿನ ಹಣವೂ ಇಲ್ಲವೆಂಬಂತೆ ತೋರುತ್ತದೆ. ಇದಕ್ಕೆ ಪರಿಹಾರವು ಸರಳ. ಪಾಲುಗಾರಿಕೆಯ ಪತ್ರ, ಸಂಸ್ಥೆಯ ಖಾತೆಯ ಉತಾರ, ಸಂಸ್ಥೆಯ ಆದಾಯ ತೆರಿಗೆಯ ರಿಟರ್ನುಗಳು, ಇವುಗಳ ಜೊತೆಗೆ ‘ಈ ಪಾಲುಗಾರರನ್ನು ಇಂಥ ಕಾರ್ಯಕ್ಕಾಗಿ ಕಳಿಸುತ್ತಿದ್ದೇವೆ, ಖರ್ಚೆಲ್ಲ ಸಂಸ್ಥೆಯದು’ ಎಂದು ಹಿರಿಯರು ಸಹಿಮಾಡಿದ ಪತ್ರ. ಅವನು ಪಾಲುಗಾರನೇ ಅಲ್ಲದಿದ್ದರೆ, ಸಂಬಳದ ಕಾಗದವಾದರೂ ಇರಲಿ. ಮನೆಯ ಮಗನಿಗೆ ಸಂಬಳವೇನು ಎಂದು ಕೇಳುವ ಹಿರಿಯರು ಈ ಒಂದು ಸಲ ಆ ಮಾತನ್ನು ನುಂಗಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಚಾಳಿಯುಂಟು. ಅರ್ಜಿಯ ಹಿಂದಿನ ವಾರ ನೆಂಟರಿಂದಲೋ ಸ್ನೇಹಿತರಿಂದಲೋ ಹತ್ತು ಲಕ್ಷ ತಂದು ಖಾತೆಗೆ ಜಮೆ ಮಾಡಿ, ಉತಾರ ತೆಗೆಸಿ, ಮರುದಿನ ಹಿಂದಿರುಗಿಸುವುದು. ಖಾತೆಯ ಉತಾರವು ಒಂದು ದಿನದ ಮೊತ್ತವನ್ನು ಮಾತ್ರ ಹೇಳುವುದಿಲ್ಲ, ತಿಂಗಳುಗಟ್ಟಲೆಯ ಕಥೆಯನ್ನು ಹೇಳುತ್ತದೆ. ನಿತ್ಯವೂ ಅಂತಹ ಉತಾರಗಳನ್ನು ಓದುವವನಿಗೆ ಈ ಹತ್ತು ಲಕ್ಷವು ಎಲ್ಲಿಂದ ಬಂದಿತೆಂಬ ಸಂಶಯ ಕೂಡಲೇ ಹುಟ್ಟುತ್ತದೆ. ನಿಜವಾಗಿಯೂ ದೊಡ್ಡ ಮೊತ್ತವು ಬಂದಿದ್ದರೆ, ಹೊಲ ಮಾರಿದ್ದೋ ಗಿರಾಕಿಯ ಬಾಕಿ ವಸೂಲಾದದ್ದೋ, ಅದರ ಕಾಗದವನ್ನೂ ಜೊತೆಗಿಡಬೇಕು.

ಎಲ್ಲಕ್ಕಿಂತ ಹೆಚ್ಚು ಕಾಲವನ್ನು ನುಂಗುವುದು ಹೆಸರಿನ ತಂಟೆ. ಹಳೆಯ ಮೈಸೂರಿನ ಕಡೆಯವರು ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟು ತಮ್ಮ ಹೆಸರನ್ನು ಬರೆಯುವವರು. ಬೆಳಗಾವಿ, ಧಾರವಾಡಗಳ ಕಡೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಅಡ್ಡಹೆಸರೇ ಇಲ್ಲದ ಮನೆಗಳೂ ಎಷ್ಟೋ ಇವೆ. ಪಾಸ್‌ಪೋರ್ಟಿನಲ್ಲಿ ಇರುವುದು ಎರಡೇ ಕೋಣೆ: ಒಂದು ಇಟ್ಟ ಹೆಸರಿಗೆ, ಇನ್ನೊಂದು ಮನೆತನದ ಹೆಸರಿಗೆ. ಮೈಸೂರಿನವನು ಮೊದಲಕ್ಷರಗಳನ್ನು ಬಿಡಿಸಿ ಬರೆಯುವಾಗ ಅವನ ಊರು ಅವನ ಮನೆತನವಾಗುತ್ತದೆ, ಇಲ್ಲವೆ ಅವನ ತಂದೆಯ ಹೆಸರಿನಿಂದ ಅವನನ್ನು ಕರೆಯುವಂತಾಗುತ್ತದೆ. ಅದು ಹೇಗಾದರೂ ಇರಲಿ; ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ರೀತಿ, ಬ್ಯಾಂಕಿನ ಗುಮಾಸ್ತನು ಬರೆದುಕೊಂಡದ್ದು ಮತ್ತೊಂದು ರೀತಿ ಎಂದಾದರೆ ಕಷ್ಟ. ಕನ್ನಡದಲ್ಲಿ ಒಂದೇ ಆಗಿರುವ ಬಸಪ್ಪನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೆಡೆ ಒಂದು ಎ ಹೆಚ್ಚು, ಇನ್ನೊಂದೆಡೆ ಒಂದು ಪಿ ಕಡಮೆ ಎಂದು ಮೂವರು ಬಸಪ್ಪರಾಗುತ್ತಾನೆ. ಅಧಿಕಾರಿಗೆ ಮೂವರೂ ಬೇರೆ ಬೇರೆ. ಪಾಸ್‌ಪೋರ್ಟಿನಲ್ಲಿರುವ ರೂಪವನ್ನೇ ಆಧಾರವಾಗಿಟ್ಟುಕೊಂಡು ಮಿಕ್ಕ ದಾಖಲೆಗಳನ್ನು ಅದಕ್ಕೆ ಸರಿಪಡಿಸಿಕೊಳ್ಳುವ ಕೆಲಸವನ್ನು ಮೇಳಕ್ಕೆ ಒಂದು ವರ್ಷ ಮೊದಲೇ ತೊಡಗಬೇಕು. ಅಷ್ಟು ವ್ಯವಧಾನವಿಲ್ಲದಿದ್ದರೆ, ಈ ಎಲ್ಲ ಹೆಸರುಗಳೂ ಒಬ್ಬನವೇ ಎಂದು ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರವನ್ನಾದರೂ ಜೊತೆಗಿರಿಸಬೇಕು. ಜರ್ಮನ್ ಸಂಸ್ಥೆಯ ಆಮಂತ್ರಣದಲ್ಲಿಯೂ ಪಾಸ್‌ಪೋರ್ಟಿನ ಹೆಸರೇ ಇರಲಿ; ಅವರಿಗೆ ಗೊತ್ತಿರುವುದು ನಮ್ಮ ಪತ್ರದ ಕೆಳಗಿನ ಚುಟುಕು ಹೆಸರು ಮಾತ್ರ.

ಹಿಂತಿರುಗುವನೆಂಬುದಕ್ಕೆ ಆಧಾರವಾಗಿ ನಮ್ಮವರು ಪಹಣಿಯನ್ನು ಲಗತ್ತಿಸುವುದುಂಟು. ಇದು ಒಳ್ಳೆಯ ಯೋಚನೆ. ಹೊಲ, ಮನೆ, ಹೆಂಡತಿ ಮಕ್ಕಳು, ಮೂವತ್ತು ಆಳುಗಳು ದುಡಿಯುವ ಕಾರ್ಖಾನೆ ಇವನ್ನು ಬಿಟ್ಟು ಯಾರೂ ಹೋಗಿ ಅಲ್ಲಿ ಅಡಗಿಕೊಳ್ಳುವುದಿಲ್ಲ. ಆದರೆ ಪಹಣಿಯು ಕನ್ನಡದಲ್ಲಿರುತ್ತದೆ. ನಮ್ಮ ಭಾಷೆಯಲ್ಲಿ ನಮ್ಮ ಭೂಮಿಯ ದಾಖಲೆ ಇರುವುದು ನಮಗೆ ಅಭಿಮಾನದ ವಿಷಯವೇ; ಬರ್ಲಿನ್ನಿನಿಂದ ಬಂದ ಅಧಿಕಾರಿಯು ಅದನ್ನು ಓದಬೇಕೆಂದು ನಿರೀಕ್ಷಿಸುವಂತಿಲ್ಲ. ಇಂಗ್ಲಿಷ್ ಅಥವಾ ಜರ್ಮನ್ ಅನುವಾದವನ್ನು ಜೊತೆಗೆ ಸೇರಿಸದ ಪಹಣಿಯು ಕಟ್ಟಿನಲ್ಲಿ ಒಂದು ಮೂಕ ಕಾಗದ. ಎಕರೆ ಗುಂಟೆಗಳ ಲೆಕ್ಕವನ್ನು ಅನುವಾದದಲ್ಲಿ ಹೆಕ್ಟೇರಿನಲ್ಲಿಯೂ ಕಾಣಿಸಿದರೆ ಮತ್ತೂ ಉತ್ತಮ. ಇವೆಲ್ಲವನ್ನೂ ಪೋಣಿಸುವ ಒಂದು ಪುಟದ ಪತ್ರವನ್ನು ಅರ್ಜಿದಾರನು ತಾನೇ ಬರೆದು ಮೇಲಿಡಬೇಕು. ತಾನು ಯಾರು, ಏನು ತಯಾರಿಸುತ್ತೇನೆ, ಯಾರನ್ನು ಕಾಣುತ್ತೇನೆ, ಯಾವ ದಿನ ಎಲ್ಲಿರುತ್ತೇನೆ, ಯಾವ ದಿನ ಹಿಂತಿರುಗುತ್ತೇನೆ, ಹಿಂತಿರುಗಿದ ಮೇಲೆ ನನಗೇನು ಕೆಲಸ ಕಾದಿದೆ. ಇಂಗ್ಲಿಷು ಸೊಗಸಾಗಿರಬೇಕೆಂದಿಲ್ಲ, ಪತ್ರದಲ್ಲಿ ಹೇಳಿದ ತಾರೀಖಿಗೂ ಹೋಟೆಲಿನ ತಾರೀಖಿಗೂ ಆಮಂತ್ರಣದ ತಾರೀಖಿಗೂ ತಾಳೆಯಿದ್ದರೆ ಸಾಕು.

ಮಿಕ್ಕ ನಿಯಮಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಪಾಸ್‌ಪೋರ್ಟು ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿದ್ದು, ಹಿಂತಿರುಗುವ ದಿನದ ಆಚೆಗೆ ಮೂರು ತಿಂಗಳಾದರೂ ಚಾಲ್ತಿಯಲ್ಲಿದ್ದು, ಅದರಲ್ಲಿ ಎರಡು ಪುಟಗಳು ಖಾಲಿ ಇರಬೇಕು. ಆಸ್ಪತ್ರೆಯ ಖರ್ಚು, ಮರಣವಾದರೆ ದೇಹವನ್ನು ಸ್ವದೇಶಕ್ಕೆ ತರುವ ಖರ್ಚು ಇವುಗಳನ್ನು ಒಳಗೊಂಡು ಕನಿಷ್ಠ ೩೦,೦೦೦ ಯೂರೋಗಳ ಪ್ರವಾಸ ವಿಮೆಯಿರಬೇಕು. ಅದು ಎಲ್ಲ ಷೆಂಗೆನ್ ರಾಷ್ಟ್ರಗಳಲ್ಲಿಯೂ ನಡೆಯುವಂತಿರಬೇಕು.

ಅರ್ಜಿಯನ್ನು ಕೈಯಾರೆ ಸ್ವೀಕರಿಸುವುದು ಹೊರಗುತ್ತಿಗೆಯ ಅರ್ಜಿಕೇಂದ್ರ. ಅಲ್ಲಿನ ಸಿಬ್ಬಂದಿಗೆ ಅರ್ಜಿಯನ್ನು ಒಪ್ಪುವ ಅಥವಾ ತಳ್ಳುವ ಅಧಿಕಾರವಿಲ್ಲವೆಂದು ವೀಸಾ ಸಂಹಿತೆಯೇ ಸ್ಪಷ್ಟವಾಗಿ ಹೇಳಿದೆ, ತೀರ್ಮಾನವು ಕಾನ್ಸುಲೇಟಿನದು. ಕೇಂದ್ರವು ತೆಗೆದುಕೊಳ್ಳುವ ಸೇವಾಶುಲ್ಕವು ವೀಸಾ ಶುಲ್ಕದ ಅರ್ಧವನ್ನು ಮೀರಕೂಡದೆಂಬುದೂ ನಿಯಮ. ಸಿಂಗಾರದ ಕೊಠಡಿ, ಚಹಾ, ಮೊಬೈಲಿಗೆ ಬರುವ ಸಂದೇಶ ಇಂತಹವುಗಳಿಗೆ ಕೇಳುವ ಹೆಚ್ಚಿನ ಹಣವು ಐಚ್ಛಿಕವಾದುದು. ಅವುಗಳಿಂದ ತೀರ್ಮಾನವು ಒಂದು ಕೂದಲೆಳೆಯಷ್ಟೂ ಕದಲದು. ಮೊದಲ ಸಲದವನು ಹತ್ತೂ ಬೆರಳುಗಳ ಅಚ್ಚು ಕೊಡಲು ಸ್ವತಃ ಹಾಜರಾಗಬೇಕು. ಒಮ್ಮೆ ಕೊಟ್ಟ ಅಚ್ಚು ೫೯ ತಿಂಗಳ ವರೆಗೆ ಉಪಯೋಗಕ್ಕೆ ಬರುತ್ತದೆ. ಜರ್ಮನ್ ವ್ಯಾಪಾರಿಯೊಬ್ಬನು ನಮ್ಮ ದೇಶಕ್ಕೆ ಬರಬೇಕೆಂದರೆ ತನ್ನ ಮನೆಯಲ್ಲಿ ಕುಳಿತೇ ನಮ್ಮ ಸರಕಾರದ ಇ-ವೀಸಾವನ್ನು ಪಡೆಯಬಲ್ಲನು. ನಮ್ಮವನು ಹತ್ತು ಬೆರಳನ್ನು ಹೊತ್ತುಕೊಂಡು ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕು. ಈ ಅಸಮಾನತೆಯನ್ನು ನಾವು ಮರೆತಿಲ್ಲ. ಸರಕಾರ ಸರಕಾರಗಳ ನಡುವೆ ಇದರ ಮಾತುಕತೆ ನಡೆಯಲೇಬೇಕು. ಆದರೆ ಆ ಮಾತು ಮುಗಿಯುವ ವರೆಗೆ ಮೇಳವು ಕಾಯುವುದಿಲ್ಲ.

ಇನ್ನು ದಲ್ಲಾಳಿಗಳ ವಿಷಯ. ಅರ್ಜಿಯನ್ನು ತುಂಬಿಕೊಟ್ಟು, ಕಾಗದಗಳನ್ನು ಜೋಡಿಸಿಕೊಟ್ಟು, ನ್ಯಾಯವಾದ ಕೂಲಿ ತೆಗೆದುಕೊಳ್ಳುವ ಪ್ರಾಮಾಣಿಕರನ್ನು ನಾವು ದೂರುವುದಿಲ್ಲ. ಆಮಂತ್ರಣವನ್ನು ತಾನೇ ಸೃಷ್ಟಿಸಿಕೊಡುತ್ತೇನೆನ್ನುವವನು, ರದ್ದುಮಾಡಲೆಂದೇ ಹೋಟೆಲನ್ನು ಕಾದಿರಿಸುವವನು, ಒಳಗೆ ತನಗೆ ಜನರಿದ್ದಾರೆಂದು ಪಿಸುಗುಟ್ಟುವವನು ಬೇರೆ ಜಾತಿ. ಸಂಸ್ಥೆಗೆ ದೂರವಾಣಿ ಮಾಡಿ ಆಮಂತ್ರಣವು ನಿಜವೇ ಎಂದು ಕೇಳಲು ಕಾನ್ಸುಲೇಟಿಗೆ ಎರಡು ನಿಮಿಷ ಸಾಕು. ಸುಳ್ಳು ಹೊರಬಿದ್ದರೆ ದಲ್ಲಾಳಿಗೆ ಏನೂ ಆಗದು. ಅರ್ಜಿಯ ಕೆಳಗೆ ಸಹಿಯಿರುವುದು ವ್ಯಾಪಾರಿಯದು. ನಲವತ್ತು ವರ್ಷ ಬೆವರು ಸುರಿಸಿ ಕಟ್ಟಿದ ಕಾರ್ಖಾನೆಯ ಯಜಮಾನನು, ನಿಜವಾದ ಕಾಗದಗಳು ತನ್ನ ಕಪಾಟಿನಲ್ಲಿಯೇ ಇರುವಾಗ, ಅವನ್ನು ಹುಡುಕುವ ಬೇಸರಕ್ಕಾಗಿ ಪರರ ಸುಳ್ಳಿಗೆ ಸಹಿ ಹಾಕುವುದಕ್ಕಿಂತ ಶೋಚನೀಯವಾದುದು ಬೇರೊಂದಿಲ್ಲ.

ನಿರಾಕರಣವಾದರೆ ಅದರ ಕಾರಣವನ್ನು ನಿಗದಿಯಾದ ನಮೂನೆಯಲ್ಲಿ ಗುರುತು ಹಾಕಿ ಕೊಡುತ್ತಾರೆ. ಉದ್ದೇಶ ಸಮರ್ಥಿಸಲ್ಪಟ್ಟಿಲ್ಲ, ಹಣದ ಆಧಾರ ಸ್ಪಷ್ಟವಿಲ್ಲ, ಕಾಗದಗಳ ಸತ್ಯತೆಯ ಬಗ್ಗೆ ಸಂಶಯವಿದೆ, ಹಿಂತಿರುಗುವ ಇಚ್ಛೆ ಖಚಿತವಾಗಲಿಲ್ಲ ಎಂಬಂತಹವು ಅವು. ಈ ನಿರಾಕರಣವು ಎಲ್ಲ ಷೆಂಗೆನ್ ರಾಷ್ಟ್ರಗಳೂ ನೋಡಬಹುದಾದ ವೀಸಾ ದಾಖಲೆಯಲ್ಲಿ ಐದು ವರ್ಷಗಳ ವರೆಗೆ ಉಳಿಯುತ್ತದೆ. ಬ್ರಿಟನ್ನಿನ ಅರ್ಜಿಯಲ್ಲಿಯೂ ಬೇರೆ ದೇಶದವರು ಎಂದಾದರೂ ನಿರಾಕರಿಸಿದ್ದುಂಟೆ ಎಂಬ ಪ್ರಶ್ನೆಯಿದೆ. ಮೊದಲು ಜರ್ಮನ್ ಕಾನ್ಸುಲೇಟಿಗೇ ಒಂದು ಪತ್ರ ಬರೆದು ಮರುಪರಿಶೀಲನೆಯನ್ನು ಕೋರುವ ಪದ್ಧತಿಯಿದ್ದಿತು. ೨೦೨೫ರ ಜುಲೈ ೧ರಿಂದ ಜರ್ಮನಿಯು ಅದನ್ನು ಲೋಕಾದ್ಯಂತ ತೆಗೆದುಹಾಕಿದೆ. ಈಗ ಉಳಿದಿರುವುದು ಬರ್ಲಿನ್ನಿನ ಆಡಳಿತ ನ್ಯಾಯಾಲಯಕ್ಕೆ ಹೋಗುವ ದಾರಿ, ಇಲ್ಲವೆ ಶುಲ್ಕವನ್ನು ತೆತ್ತು ಹೊಸ ಅರ್ಜಿ ಹಾಕುವ ದಾರಿ. ಎಂಟು ದಿನದ ಮೇಳಯಾತ್ರೆಗಾಗಿ ಬರ್ಲಿನ್ನಿನಲ್ಲಿ ವ್ಯಾಜ್ಯ ಹೂಡುವವರು ಯಾರು? ಆದುದರಿಂದ ಮೊದಲ ಅರ್ಜಿಯೇ ಸರಿಯಾಗಿರಬೇಕಾದ ಅಗತ್ಯವು ಮೊದಲಿಗಿಂತ ಈಗ ಹೆಚ್ಚು. ಹೊಸ ಅರ್ಜಿ ಹಾಕುವವನು ಗುರುತು ಹಾಕಿದ ಆ ಕಾರಣಕ್ಕೆ ಹೊಸ ಕಾಗದದ ಉತ್ತರವನ್ನು ಕೊಡದೆ ಹಳೆಯ ಕಟ್ಟನ್ನೇ ಮತ್ತೊಮ್ಮೆ ಕಳಿಸಿದರೆ ಹಳೆಯ ಉತ್ತರವೇ ಮತ್ತೊಮ್ಮೆ ಬರುತ್ತದೆ.

ಈ ವಿಷಯದಲ್ಲಿ ನಮ್ಮ ವಾಣಿಜ್ಯ ಸಂಸ್ಥೆಗಳಿಗೂ ಒಂದು ಸೂಚನೆಯುಂಟು. ಬೆಂಗಳೂರಿನ ಸಂಸ್ಥೆಯು ೧೯೧೬ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಹುಟ್ಟಿದ್ದು, ಹುಬ್ಬಳ್ಳಿಯದು ೧೯೨೮ರದು. ಸದಸ್ಯತ್ವದ ದೃಢೀಕರಣ ಪತ್ರವನ್ನು ಬರೆದುಕೊಡುವುದರಲ್ಲಿಯೇ ತೃಪ್ತರಾಗದೆ, ಮೇಳದ ವರ್ಷಗಳಲ್ಲಾದರೂ ವಾರಕ್ಕೊಂದು ದಿನ ಅನುಭವಸ್ಥರೊಬ್ಬರನ್ನು ಕೂರಿಸಿ ಸಣ್ಣ ಕಾರ್ಖಾನೆದಾರರ ಕಾಗದಗಳನ್ನು ಸಲ್ಲಿಸುವ ಮೊದಲು ನೋಡಿ ಹೇಳುವ ಏರ್ಪಾಡು ಮಾಡಿದರೆ, ದಲ್ಲಾಳಿಗಳ ಅರ್ಧ ಅಂಗಡಿಗಳು ತಾವಾಗಿ ಮುಚ್ಚಿಯಾವು. ಹೆಸರು ತಿದ್ದುಪಡಿಯ ಅರ್ಜಿಗಳು ಯಾವ ಕಚೇರಿಗಳಲ್ಲಿ ಕೊಳೆಯುತ್ತಿವೆಯೋ ಆ ಕಚೇರಿಗಳ ಅಧಿಕಾರಿಗಳೂ ನಮ್ಮ ಓದುಗರಲ್ಲಿದ್ದಾರೆಂದು ಬಲ್ಲೆವು. ತಮ್ಮ ಮೇಜಿನ ಮೇಲಿನ ಒಂದು ಅಕ್ಷರದ ತಿದ್ದುಪಡಿಗೆ ಒಂದು ಕಾರ್ಖಾನೆಯ ನಾಲ್ಕು ವರ್ಷದ ಅವಕಾಶವು ತೂಗಾಡುತ್ತಿರಬಹುದೆಂಬುದನ್ನು ಅವರು ಗಮನಿಸಬೇಕೆಂದು ಅರಿಕೆ.

ಕಾಲದ ಲೆಕ್ಕ ಹೀಗೆ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚಿತವಾಗಿ ಅರ್ಜಿ ಸಲ್ಲದು. ಹದಿನೈದು ದಿನಗಳಿಗಿಂತ ತಡವಾಗಿಯೂ ಸಲ್ಲದು. ಜೂನ್ ೨೦ರಂದು ಹೊರಡುವವನಿಗೆ ಹಿಂದಿನ ಡಿಸೆಂಬರ್ ೨೦ರಿಂದ ಬಾಗಿಲು ತೆರೆದಿರುತ್ತದೆ. ತೀರ್ಮಾನಕ್ಕೆ ಸಾಧಾರಣವಾಗಿ ೧೫ ದಿನ. ಹೆಚ್ಚು ಪರಿಶೀಲನೆ ಬೇಕಾದರೆ ೪೫ ದಿನಗಳ ವರೆಗೆ ಹಿಗ್ಗಬಹುದು. ಮೇಳದ ಹಂಗಾಮಿನಲ್ಲಿ ಅರ್ಜಿಕೇಂದ್ರದ ದಿನ ಗೊತ್ತುಪಡಿಸಿಕೊಳ್ಳುವುದೇ ಕಷ್ಟವಾಗುವುದರಿಂದ, ಮಾರ್ಚ್ ತಿಂಗಳು ಮುಗಿಯುವುದರೊಳಗೆ ಅರ್ಜಿಯು ಒಳಸೇರುವುದು ಕ್ಷೇಮ. ಹಾಗಾಗಬೇಕಾದರೆ ಜರ್ಮನ್ ಸಂಸ್ಥೆಗೆ ಆಮಂತ್ರಣಕ್ಕಾಗಿ ದೀಪಾವಳಿಯ ಲೆಕ್ಕ ಮುಗಿದೊಡನೆ ಬರೆಯಬೇಕು.

ವೀಸಾ ಬಂದ ಮೇಲೆ ಕಾಗದದ ಕಟ್ಟನ್ನು ಪೆಟ್ಟಿಗೆಯ ತಳಕ್ಕೆ ತುರುಕಬಾರದು. ವೀಸಾ ಇದ್ದ ಮಾತ್ರಕ್ಕೆ ಪ್ರವೇಶವು ನಿಶ್ಚಿತವಲ್ಲ; ಏತಕ್ಕೆ ಬಂದೆ, ಎಲ್ಲಿ ಇಳಿಯುವೆ ಎಂದು ವಿಮಾನ ನಿಲ್ದಾಣದ ಅಧಿಕಾರಿಯು ಮತ್ತೆ ಕೇಳಬಹುದು. ಆಮಂತ್ರಣ, ವಿಮೆ, ಹಿಂತಿರುಗುವ ಟಿಕೇಟು ಕೈಚೀಲದಲ್ಲಿರಲಿ. ೨೦೨೫ರ ಅಕ್ಟೋಬರ್ ೧೨ರಿಂದ ಷೆಂಗೆನ್ ಗಡಿಗಳಲ್ಲಿ ಆಗಮನ ನಿರ್ಗಮನಗಳನ್ನು ಯಂತ್ರವೇ ದಾಖಲಿಸುವ ಪದ್ಧತಿಯು ಆರಂಭವಾಗಿದೆ. ಒಂದು ದಿನ ಹೆಚ್ಚು ನಿಂತರೂ ಅದು ಬಲ್ಲದು. ಹೇಳಿದ ದಿನಕ್ಕೆ ಹಿಂತಿರುಗಿದವನಿಗೆ ಇದರಿಂದ ಲಾಭವೂ ಉಂಟು. ಭಾರತದಲ್ಲಿ ವಾಸಿಸುವ ಭಾರತೀಯರ ಮಟ್ಟಿಗೆ ೨೦೨೪ರ ಏಪ್ರಿಲ್ ೧೮ರಂದು ಯೂರೋಪಿನ ಆಯೋಗವು ಮಾಡಿದ ನಿರ್ಣಯದಂತೆ, ಮೂರು ವರ್ಷಗಳೊಳಗೆ ಎರಡು ವೀಸಾಗಳನ್ನು ಪಡೆದು ನಿಯಮದಂತೆ ಉಪಯೋಗಿಸಿದವರಿಗೆ ಎರಡು ವರ್ಷಗಳ ಬಹುಪ್ರವೇಶದ ವೀಸಾ ದೊರೆಯಬಹುದು. ಆ ತರುವಾಯ ಐದು ವರ್ಷಗಳದು. ಅಷ್ಟು ಕಾಲ ಚಾಲ್ತಿಯಲ್ಲಿರುವ ಪಾಸ್‌ಪೋರ್ಟು ಇದ್ದರೆ ಮಾತ್ರ ಇದು ಪೂರ್ತಿಯಾಗಿ ಕೈಗೆ ಬರುವುದರಿಂದ, ಎರಡನೆಯ ಯಾತ್ರೆ ಮುಗಿಸಿ ಊರಿಗೆ ಬಂದವನು ತನ್ನ ಪಾಸ್‌ಪೋರ್ಟಿನ ಕೊನೆಯ ತಾರೀಖನ್ನು ಒಮ್ಮೆ ನೋಡಿ, ಅವಧಿಯು ಕಡಮೆ ಉಳಿದಿದ್ದರೆ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕತಕ್ಕದ್ದು.